ಪ್ಯಾರಿಬಿಯ ಹುಡುಗಿಯರು

ಚಾದರದ ಕೆಳಗೆ ಕೈ ತೂರಿಸಿ ನಸ್ರೀನ ಪ್ಯಾರಿಬಿಯ ಬಲತೋಳನ್ನು ಎತ್ತಲು ನೋಡಿದಳು. ಅದು ಏಳಲಿಲ್ಲ. ಇನ್ನೊಮ್ಮೆ ಎಳೆದಳು. ಹೆಣ ಮಲಗಿಸಿದ ಹಲಗೆ ಅಲುಗಾಡಿತೇ ಹೊರತು ತೋಳು ಪಕ್ಕೆ ಬಿಟ್ಟು ಬರಲಿಲ್ಲ.

"ಆಪಾ, ಹಿಂಗ್ಯಾಕ?" ಬಿಸಿನೀರಿನ ತಂಬಿಗೆ ಹಿಡಿದು ನಿಂತಿದ್ದ ಫರಹೀನ ಕೇಳಿದಳು. "ಕಲಿಯೂವಾಗ ಕೈ ತಾನೇ ಏಳ್ತಿತ್ತಲ್ಲ."

"ಆವಾಗ ಮಲಗಿದಾಕಿ ನೀನು."

ಕಿಣ್ಣಿ ಸುಲ್ತಾನ ಎಂಬ ಊರಿನಲ್ಲಿ ತೀರಿಹೋದ ಮುಸಲ್ಮಾನ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದವಳು ಪ್ಯಾರಿಬಿ. ಇಂದು ನಸುಕಿನಲ್ಲಿ ಅವಳೇ ಹೋದಳು. ಹೋಗುವ ಮೊದಲು ಮಗ ಫಯಾಜನಿಗೆ ಒಂದೇ ಮಾತು ಹೇಳಿದ್ದಳು: ನನ್ನನ್ನು ನನ್ನ ಹುಡುಗಿಯರೇ ತೊಳೆಯಬೇಕು, ಹೊರಗಿನವರ ಕೈ ಬೇಡ. ಆ ಹುಡುಗಿಯರೆಂದರೆ ಅವಳ ಬಳಿ ಈ ಕೆಲಸ ಕಲಿತ ಇವರಿಬ್ಬರು.

"ನಸ್ರೀನ, ಆತೇನು?" ಪರದೆಯ ಆಚೆಯಿಂದ ಫಯಾಜನ ದನಿ ಬಂತು. "ಸಂಜಿಮುಂದಿನ ಅಸರ್ ನಮಾಜಿಗಿ ಎತ್ತಬೇಕು. ಆಗವಲ್ದಂದ್ರ ಹೇಳು, ಆಳಂದದ ತೊಳಿಯಾಕಿನ್ನ ಕರಸ್ತೇನಿ. ಗಾಡಿ ಅದ."

"ಬ್ಯಾಡ ಭಾಯಿ. ನಾವೇ ಮಾಡ್ತೇವಿ."

ಹೇಳಿ ಮತ್ತೆ ಆ ತೋಳಿಗೇ ಕೈ ಹಾಕಿದಳು. ಅಂಗಳದಲ್ಲಿ ನೆರೆಮನೆಯ ಗಂಗಾಬಾಯಿ ಯಾರಿಗೋ ಹೇಳುತ್ತಿದ್ದಳು, "ಕಲಿಸೂದ್ರಾಗ ಪ್ಯಾರವ್ವಂದು ಎತ್ತಿದ ಕೈರಿ. ಒಂದಿನಾ ಯಾರಿಗೂ ಬೈದಾಕಿ ಅಲ್ಲ. ಹುಡುಗ್ಯಾರು ನಕ್ಕೋತ ಮನಿಗಿ ಹೋಗ್ತಿದ್ರು."

ಹೌದು, ನಗುತ್ತಲೇ ಹೋಗುತ್ತಿದ್ದರು.

*

ಶುಕ್ರವಾರ ಮಧ್ಯಾಹ್ನ ಪ್ಯಾರಿಬಿಯ ಪಡಸಾಲೆಯಲ್ಲಿ ಪಾಠ. ಫರಹೀನ ಹೊರಸಿನ ಮೇಲೆ ಹೆಣವಾಗಿ ಮಲಗುವಳು. ಬಲಗೈ ಎಂದರೆ ಹೆಣ ತಾನಾಗಿ ಕೈ ಎತ್ತುತ್ತಿತ್ತು. ಮಗ್ಗುಲು ಎಂದರೆ ತಾನಾಗಿ ಹೊರಳುತ್ತಿತ್ತು. ಕಂಕುಳ ಮುಟ್ಟಿದರೆ ಕಿಸಕ್ಕನೆ ನಗುತ್ತಿತ್ತು. ಪ್ಯಾರಿಬಿಯೂ ಜೊತೆಗೆ ನಕ್ಕು, "ಶಾಬಾಸ್ ಬೇ, ಕಲ್ತಬಿಟ್ರಿ" ಎನ್ನುವಳು. ಆಮೇಲೆ ಚುರುಮುರಿ, ಚಹಾ. ಹೆಣವನ್ನು ಎಬ್ಬಿಸಿ ಕೂರಿಸಿ, ಹೊಟ್ಟೆ ನೀವಿ, ಬಂದ ಹೊಲಸು ತೊಳೆಯುವ ಮಾತು ಬಂದರೆ ಸಾಕು, "ಅದು ನನಗ ಬಿಡ್ರಿ, ಕೂಸುಗೋಳು ನೀವು" ಎಂದುಬಿಡುವಳು.

ಒಮ್ಮೆ ಅಫಜಲಪುರದಲ್ಲಿ ಹೆರಿಗೆಯಲ್ಲಿ ತೀರಿಕೊಂಡ ಹುಡುಗಿಯನ್ನು ತೊಳೆಯಲು ನಸ್ರೀನಳನ್ನು ಕರೆದೊಯ್ದಿದ್ದಳು. ಮುಖ ನೋಡಿದ್ದೇ ನಸ್ರೀನಳಿಗೆ ಕಣ್ಣು ಕತ್ತಲೆಯಾಯಿತು. ಪ್ಯಾರಿಬಿ ಅವಳನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ, ಒಳಗೆ ಎಲ್ಲವನ್ನೂ ತಾನೊಬ್ಬಳೇ ಮಾಡಿ ಮುಗಿಸಿದಳು. ಆಮೇಲೆ ಮನೆಯವರ ಮುಂದೆ, "ಎಲ್ಲಾ ಈಕೇ ಮಾಡ್ಯಾಳ" ಅಂದಳು. ಹುಡುಗಿಯ ತಾಯಿ ನಸ್ರೀನಳ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಬಸ್ಸಿನಲ್ಲಿ ಬರುವಾಗ ನಸ್ರೀನಳಿಗೆ ಅದು ಸುಳ್ಳೆಂದು ನೆನಪೇ ಆಗಲಿಲ್ಲ. ಪ್ಯಾರಿಬಿ ಖಾಲಾನ ಹಾಗೆ ಕಲಿಸುವವರು ಜಿಲ್ಲೆಯಲ್ಲೇ ಇಲ್ಲ ಎಂದು ರಾತ್ರಿ ಗಂಡನ ಮುಂದೆ ಹೊಗಳಿದ್ದೇ ಹೊಗಳಿದ್ದು.

*

ಹೆಗಲ ಮೇಲೆ ಬಿಸಿನೀರು ಸುರಿದು ತಿಕ್ಕಿ ತಿಕ್ಕಿ, ಅಂತೂ ತೋಳು ಸಡಿಲಾಯಿತು. ಬಲಮಗ್ಗುಲು ತೊಳೆದದ್ದಾಯಿತು, ಎಡಮಗ್ಗುಲೂ ಆಯಿತು. ಹೊರಳಿಸುವಾಗ ಹೆಣ ಒಮ್ಮೆ ಜಾರಿ ಬೀಳುವುದರಲ್ಲಿತ್ತು. ಇನ್ನು ಎಬ್ಬಿಸಿ ಕೂರಿಸಬೇಕು. ಫರಹೀನ ತಂಬಿಗೆ ಕೆಳಗಿಟ್ಟಳು.

"ನಾ ಹೊರಗ ಹೋಗ್ತೇನಿ ಆಪಾ. ಇದನ್ನ ಖಾಲಾ ನಮಗ ಮಾಡಗೊಡ್ತಿರಲಿಲ್ಲ."

"ಯಾಕ ಮಾಡಗೊಡಲಿಲ್ಲ?" ನಸ್ರೀನ ಕೇಳಿದ್ದು ಫರಹೀನಳನ್ನಲ್ಲ, ಹಲಗೆಯ ಮೇಲೆ ಮಲಗಿದವಳನ್ನು. "ಎರಡು ಏಟು ಹಾಕಿ ಕಲಿಸಿದ್ರ ನಾವೇನ್ ಸಾಯ್ತಿದ್ದೆವೇನು ಖಾಲಾ?" ಸತ್ತವಳ ಮೇಲೆ ಎಂಥ ಸಿಟ್ಟು! ಆದರೂ ಬಂದಿತ್ತು, ಪ್ರೀತಿಯಷ್ಟೇ ಬಂದಿತ್ತು.

ಫರಹೀನ ಪರದೆಗೆ ಕೈ ಹಾಕಿದ್ದಳು. ನಸ್ರೀನ ಒದ್ದೆ ಕೈಯಲ್ಲೇ ಅವಳ ಮುಂಗೈ ಹಿಡಿದು ಎಳೆದಳು.

"ವಾಕರಿಕಿ ಬರಾಕತ್ತದ ಆಪಾ."

"ಬರ್ಲಿ. ಹಿಂದ ಹೋಗು. ಬೆನ್ನಿಗಿ ಎದಿ ಕೊಟ್ಟು ಎತ್ತು."

ಇಬ್ಬರೂ ಸೇರಿ ಎತ್ತಿದರು. ಪ್ಯಾರಿಬಿಯ ಒದ್ದೆ ತಲೆ ಫರಹೀನಳ ಕುತ್ತಿಗೆಗೆ ಒರಗಿತು. ನಸ್ರೀನ ಬಟ್ಟೆಯ ತುಂಡನ್ನು ತನ್ನ ಕೈಗೆ ಸುತ್ತಿಕೊಳ್ಳಲು ಹೋದವಳು, ‘ಅದು ನನಗ ಬಿಡ್ರಿ’ ಎಂಬ ಮಾತು ನೆನಪಾಗಿ ನಿಂತಳು. ಅದನ್ನು ಫರಹೀನಳ ಬಲಗೈಗೆ ಸುತ್ತಿ, ಚಾದರದ ಕೆಳಗೆ ತಂದು ಹೊಟ್ಟೆಯ ಮೇಲಿಟ್ಟು, ಮೇಲೆ ತನ್ನ ಕೈ ಒತ್ತಿದಳು.

"ಹಗೂರ. ಮ್ಯಾಲಿಂದ ಕೆಳಗ."

"ನೀ ಭಾಳ ಕೆಟ್ಟಾಕಿ ಇದ್ದಿ," ಫರಹೀನ ಅಳುತ್ತಿದ್ದಳು. "ಇನ್ನ ನಿನ್ನ ಹೊಸ್ತಿಲಾ ತುಳಿಯಂಗಿಲ್ಲ ನಾ."

"ತುಳಿಬ್ಯಾಡ. ಕೈ ತೆಗಿಬ್ಯಾಡ."

ಹೊರಗಿನಿಂದ ಫಯಾಜ ಗಾಡಿ ಕಳಿಸಲೇ ಎಂದು ಮತ್ತೆ ಕೇಳಿದ. ನಾತ ಎದ್ದಿತು. ಫರಹೀನ ಮುಖವನ್ನು ಗೋಡೆಯ ಕಡೆ ತಿರುಗಿಸಿ ತುಟಿ ಕಚ್ಚಿದಳು. ಚಾದರದ ಕೆಳಗೆ ಅವಳ ಬೆರಳುಗಳು ಒಮ್ಮೆ ನಿಂತವು, ಆಮೇಲೆ ಮೆಲ್ಲಗೆ ಕೆಳಗೆ ಸರಿದವು. ನಸ್ರೀನ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.