ಹಾಲ್ವರ್ ಟ್ವೇಟ್ ಚೆಂಡು ಬಿಡಲಿಲ್ಲ

ಹಾಲ್ವರ್ ಟ್ವೇಟ್‌ನ ಬಲಮೊಣಕಾಲು ಮೆಟ್ಟಿಲು ಹತ್ತುವಾಗ ಒಂದು ಸದ್ದು ಮಾಡುತ್ತಿತ್ತು, ಇಳಿಯುವಾಗ ಇನ್ನೊಂದು. ಎರಡನ್ನೂ ಅವನು ಬಾಯಲ್ಲೇ ಹೊರಡಿಸಿ ತೋರಿಸುತ್ತಿದ್ದ. ರೆಫರಿಯ ಸೀಟಿ, ತಂಡದ ಹಳೇ ಬಸ್ಸಿನ ಗೇರು, ಯಜಮಾನ ಹರ್ಮನ್ ಕ್ಲೂಗೆಯ ಮೂಗಿನ ಮಾತು, ಯಾವುದು ಬೇಕೆಂದರೂ ಅವನ ಗಂಟಲಲ್ಲಿ ದಾಸ್ತಾನಿತ್ತು. ಹಾಲ್ವರ್ ಚೆಂಡನ್ನು ಬುಟ್ಟಿಗೆ ಹಾಕಿ ತಿಂಗಳುಗಳೇ ಆದವು, ಜನರನ್ನು ಬುಟ್ಟಿಗೆ ಹಾಕಿಕೊಳ್ಳುವುದನ್ನು ಮಾತ್ರ ಬಿಟ್ಟಿಲ್ಲ ಎಂದು ಟಾಮರಾಕ್ ಊರಿನವರು ನಗುತ್ತಿದ್ದರು.

ಅದು 1950ರ ಫೆಬ್ರವರಿ. ವಿಸ್ಕಾನ್ಸಿನ್‌ನಲ್ಲಿ ಹಿಮ ಕಿಟಕಿಯ ಅಂಚಿಗೆ ಬಂದು ಕೂತಿತ್ತು. ಅಕ್ಟೋಬರಿನಲ್ಲಿ ಶುರುವಾದ ಬ್ಯಾಸ್ಕೆಟ್‌ಬಾಲ್ ಲೀಗ್ ಮುಕ್ಕಾಲು ಪಾಲು ಮುಗಿದು, ಕ್ಲೂಗೆಯ ಉಪ್ಪಿನಕಾಯಿ ಕಾರ್ಖಾನೆಯ ತಂಡ ಐದನೆಯ ಸ್ಥಾನದಲ್ಲಿ ಹುಳಿಯಾಗುತ್ತಿತ್ತು. ಮುಂದಿನ ಸುತ್ತಿಗೆ ಹೋಗುವುದು ಮೊದಲ ನಾಲ್ಕು ತಂಡ. ಆಟಗಾರರು ಬೇಸಗೆಯಲ್ಲಿ ಸೌತೆಕಾಯಿಯ ತೊಟ್ಟಿಗಳಲ್ಲಿ ದುಡಿದು, ಚಳಿಗಾಲದಲ್ಲಿ ಚಡ್ಡಿ ತೊಟ್ಟು ಓಡುತ್ತಿದ್ದರು. ಹಾಲ್ವರ್ ಹದಿನಾಲ್ಕು ಚಳಿಗಾಲ ಹೀಗೆ ಓಡಿದ್ದ. ಈಗ ಮೂವತ್ತೇಳು. ಊಟವೆಲ್ಲ ಮುಗಿದ ಮೇಲೂ ಎಲೆಯ ತುದಿಯಲ್ಲಿ ಉಳಿದ ಉಪ್ಪಿನಕಾಯಿಯಂತೆ ಬೆಂಚಿನ ತುದಿಯಲ್ಲಿ ಕೂತಿರುತ್ತಿದ್ದ.

ಶನಿವಾರ ಅಭ್ಯಾಸ ಮುಗಿದ ಮೇಲೆ ತರಬೇತುದಾರ ಗಸ್ ರೈಮರ್ ಅವನನ್ನು ಬದಿಗೆ ಕರೆದ. ಗಸ್ ಕೆಟ್ಟ ಸುದ್ದಿ ಹೇಳುವ ಮುನ್ನ ಟೋಪಿ ತೆಗೆಯುತ್ತಿದ್ದ. ಟೋಪಿ ತೆಗೆದ.

"ಯಾರು ಸತ್ರು ಗುರುಗಳೇ?" ಎಂದ ಹಾಲ್ವರ್.

"ಇನ್ನೂ ಯಾರೂ ಸತ್ತಿಲ್ಲ. ಕ್ಲೂಗೆ ಕಾಲೇಜಿಂದ ಒಬ್ಬನ್ನ ಹಿಡ್ದಿದಾನೆ. ಕುದ್ರೆ ಥರ ಓಡ್ತಾನಂತೆ. ಸೋಮವಾರದ ರೈಲಿಗೆ ಬರ್ತಾನೆ."

ಲೀಗಿನಲ್ಲಿ ತಂಡಕ್ಕೆ ಹತ್ತೇ ಜನ. ಹನ್ನೊಂದನೆಯವನು ಬಂದರೆ ಒಬ್ಬ ಹೋಗಬೇಕು. ಯಾರು ಎಂದು ಹಾಲ್ವರ್ ಕೇಳಲಿಲ್ಲ. ಬದಲಿಗೆ ಮೂಗು ಹಿಡಿದು ಕ್ಲೂಗೆಯ ದನಿ ತೆಗೆದ: "ಗಸ್ಸ್! ಜನ ಓಡೋದನ್ನ ನೋಡೋಕೆ ಬರ್ತಾರೆ, ಗಸ್ಸ್! ನಿಂತಿರೋದನ್ನ ನೋಡ್ಬೇಕು ಅಂದ್ರೆ ಅವರವರ ಮನೇಲೇ ಹಸು ಇದೆ!"

"ಅಯ್ಯೋ, ಅಕ್ಷರ ಬಿಡದೆ ಅದನ್ನೇ ಹೇಳ್ದ ಮಾರಾಯ. ಬಾಗಿಲ ಹಿಂದೆ ಇದ್ಯೇನೋ?"

ಹಾಲ್ವರ್ ನಕ್ಕ. ಆಮೇಲೆ ನಗು ನಿಲ್ಲಿಸಿದ. "ಗಸ್, ಈ ಸೀಸನ್ ಮುಗಿಸ್ಬಿಡ್ತೀನಿ ಕಣೋ. ಮಾರ್ಚ್ ತನಕ ಸಾಕು. ನಡುವಲ್ಲಿ ಎಬ್ಬಿಸಿ ಕಳ್ಸಿದ್ರೆ ಊಟದ ಪಂಕ್ತಿಯಿಂದ ಎಬ್ಬಿಸ್ದಂಗೆ."

"ನಾಳೆ ಲೇಕ್‌ಪೋರ್ಟನ್ನ ಸೋಲ್ಸಿದ್ರೆ ಕ್ಲೂಗೆ ಹತ್ರ ಬಾಯಿ ಬಿಡ್ತೀನಿ. ಸೋತ್ರೆ ನಂಗೆ ಬಾಯಿ ಎಲ್ಲಿರುತ್ತೆ?"

ಲೇಕ್‌ಪೋರ್ಟ್ ಎಂದರೆ ಲೆಸ್ಟರ್ ಪ್ರೂಟ್. ಆರಡಿ ಹತ್ತಂಗುಲ. ಆ ಮನುಷ್ಯನ ನಿಲುವೇ ಅವನ ಆಟ: ಬುಟ್ಟಿಯ ಕೆಳಗೆ ನಿಂತುಬಿಟ್ಟರೆ ಸಾಕು, ಮೇಲಿಂದ ಬಿದ್ದದ್ದೆಲ್ಲ ಅವನ ಕೈಗೆ. ಆ ವರ್ಷ ಲೇಕ್‌ಪೋರ್ಟಿನವರು ಟಾಮರಾಕನ್ನು ಐದು ಸಲ ಇಪ್ಪತ್ತರ ಮೇಲಿನ ಅಂತರದಲ್ಲಿ ಸೋಲಿಸಿದ್ದರು.

ಭಾನುವಾರ ಮಧ್ಯಾಹ್ನ ಚರ್ಚ್ ಮುಗಿಸಿ, ಆಲೂಗಡ್ಡೆ ಹುರಿದದ್ದು ತಿಂದು, ಎರಡು ಸಾವಿರ ಜನ ಹಾಲ್‌ನಲ್ಲಿ ಒತ್ತಿ ಕೂತರು. ಗಸ್‌ನ ಉಪಾಯ ಸರಳವಾಗಿತ್ತು. ಚೆಂಡು ಪ್ರೂಟ್‌ನ ಕೈಗೆ ಸಿಕ್ಕರೆ ತಾನೇ ಕಷ್ಟ? ಚೆಂಡೇ ಕೊಡಬೇಡಿ. ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕು ಎಂಬ ನಿಯಮ ಆಗಿನ್ನೂ ಹುಟ್ಟಿರಲಿಲ್ಲ. ಎದುರಾಳಿ ಮೈಮೇಲೆ ಬರದಿದ್ದರೆ ಚೆಂಡು ಹಿಡಿದವನು ವಸಂತ ಬರುವ ತನಕ ಬೇಕಾದರೂ ಹಿಡಿದಿರಬಹುದಿತ್ತು. ಹಾಗೆ ಹಿಡಿಯುವುದರಲ್ಲಿ ಹಾಲ್ವರ್‌ನನ್ನು ಮೀರಿಸಿದವರಿರಲಿಲ್ಲ. ಎರಡು ಕೈಯಲ್ಲೂ ಚೆಂಡು ಕುಟ್ಟುತ್ತ ಅವನು ಹೊರಟರೆ ಕಿತ್ತುಕೊಳ್ಳಲು ಬಂದವನಿಗೆ ಗಾಳಿ ಸಿಗುತ್ತಿತ್ತು, ಚೆಂಡು ಸಿಗುತ್ತಿರಲಿಲ್ಲ.

ಆಟದ ನಾಲ್ಕು ಭಾಗಗಳಲ್ಲಿ ಮೂರನ್ನು ಎಳೆದಾಡಿ, ತಳ್ಳಾಡಿ ಮುಗಿಸಿದಾಗ ಅಂಕ ಹದಿನಾರು-ಹದಿನಾರಕ್ಕೆ ನಿಂತಿತು. ಉಳಿದದ್ದು ಕೊನೆಯ ಹನ್ನೆರಡು ನಿಮಿಷ. ಗಸ್ ಬೆಂಚಿನ ತುದಿಗೆ ನೋಡಿ, "ಹೋಗು ತಾತ. ಮರ ಆಗ್ಬಿಡು" ಎಂದ.

ಹಾಲ್ವರ್ ನಡುಗೆರೆಯ ಆಚೆ ಎರಡು ಹೆಜ್ಜೆ ಹೋಗಿ, ಜೊತೆಯವನಿಂದ ಚೆಂಡು ಪಡೆದು, ಸೊಂಟಕ್ಕೆ ಒತ್ತಿಕೊಂಡು ನಿಂತ. ಲೇಕ್‌ಪೋರ್ಟಿನ ತರಬೇತುದಾರ ಮೆಕ್‌ನಲ್ಟಿಗೆ ಚಿಂತೆಯಿರಲಿಲ್ಲ. ಆಡುವ ಮುನ್ನ ಎರಡು ಸಲ ಕೆಮ್ಮುವುದು ಅವನ ರೂಢಿ. "ಖೆ, ಖೆ. ಅಲ್ಲೇ ಇರು ಪ್ರೂಟ್! ಯಾವಾಗ್ಲೋ ಒಂದ್ಸಲ ಎಸೀಲೇಬೇಕಲ್ಲ!" ಎಂದ. ಪ್ರೂಟ್ ಬುಟ್ಟಿಯ ಕೆಳಗೆ ಕೈಕಟ್ಟಿ ನಿಂತ. ಉಳಿದವರೂ ನಿಂತರು. ಗಡಿಯಾರವೊಂದೇ ಓಡುತ್ತಿತ್ತು.

ಎರಡು ನಿಮಿಷ ಜನ ಬೊಬ್ಬೆ ಹೊಡೆದರು. ಮೂರನೆಯ ನಿಮಿಷಕ್ಕೆ ಕಾಲು ಕುಟ್ಟಿದರು. ಒಬ್ಬ ಕಡಲೆಕಾಯಿ ಸಿಪ್ಪೆ ಎಸೆದ, ಇನ್ನೊಬ್ಬ ಬೂಟು ಎಸೆದು ವಾಪಸು ಕೇಳಿದ.

"ಏ ಹಾಲ್ವರ್, ಅದು ಮೊಟ್ಟೆ ಅಲ್ಲ, ಕಾವು ಕೊಟ್ರೆ ಮರಿ ಬರಲ್ಲ!"

"ಬುಟ್ಟಿ ಆ ಕಡೆ ಇದೆ ಅಜ್ಜ! ದಾರಿ ತೋರ್ಸೋಕೆ ಜನ ಕಳಿಸ್ಬೇಕಾ?"

ಮೂರನೆಯ ಸಾಲಿನಲ್ಲಿ ಅವನ ಹೆಂಡತಿ ಗುಡ್ರುನ್ ಕಾಲುಚೀಲ ಹೆಣೆಯುತ್ತಿದ್ದಳು. "ರೀ, ಅಲ್ಲಾಡ್ಬೇಡಿ, ಇನ್ನೊಂದೈದು ನಿಮಿಷ! ಹಿಮ್ಮಡಿ ತಿರುಗಿಸ್ತಾ ಇದೀನಿ!" ಎಂದು ಕೂಗಿದಳು. ಸುತ್ತಲಿನವರು ನಕ್ಕರು, ಪಕ್ಕದ ಹೆಂಗಸೂ ತನ್ನ ಚೀಲದಿಂದ ಸೂಜಿ ತೆಗೆದಳು. ಪತ್ರಿಕೆಗಳು ಬಿಚ್ಚಿಕೊಂಡವು. ಯಾವನೋ ಗೊರಕೆ ಶುರುಮಾಡಿದ. ಹಾಲ್ ತಣ್ಣಗಾಯಿತು.

ಹಾಲ್ವರ್‌ಗೆ ಸುಮ್ಮನಿರುವುದು ಬರುವುದಿಲ್ಲ. ನಲವತ್ತಡಿ ದೂರದಿಂದ ಕೂಗಿದ: "ಪ್ರೂಟ್! ಊಟ ಆಯ್ತಾ?"

ಪ್ರೂಟ್ ನೆಬ್ರಾಸ್ಕದ ಹೊಲದ ಹುಡುಗ, ಕೇಳಿದವರಿಗೆ ಉತ್ತರ ಕೊಡುವ ಮನೆಯವನು. "ಆಯ್ತು. ಹಂದಿಮಾಂಸ, ಬಟಾಣಿ."

"ಕಾಲು ಹೇಗಿದೆ?"

"ಹೊಸ ಬೂಟು ಕಚ್ತಾ ಇದೆ."

"ಬೂಟಿಗೆ ಹಂದಿಕೊಬ್ಬು ಹಚ್ಚೋ!" ಎಂದಿತು ಮೇಲಿನ ಸಾಲಿನ ಒಂದು ದನಿ.

"ಹಚ್ದೆ. ನಾಯಿ ನೆಕ್ತು," ಎಂದ ಪ್ರೂಟ್ ಗಂಭೀರವಾಗಿ.

ಹೀಗೆ ನಾಯಿಯ ಹೆಸರು, ಹಾಲಿನ ರೇಟು, ಪ್ರೂಟ್ ಮಲಗಲು ಎರಡು ಮಂಚ ಜೋಡಿಸುವ ವಿಧಾನ, ಎಲ್ಲ ಆಯಿತು. ಗಡಿಯಾರದಲ್ಲಿ ಇಪ್ಪತ್ತು ಸೆಕೆಂಡು ಉಳಿದಾಗ ಹಾಲ್ವರ್ ತನ್ನ ಕಡೆಯ ಚುರುಕು ಆಟಗಾರ ಎಡ್ ಕೊವಾಲಿಕ್‌ನತ್ತ ಒಮ್ಮೆ ಕಣ್ಣು ಹಾಯಿಸಿದ. ಆಮೇಲೆ ಚೆಂಡು ಕುಟ್ಟುತ್ತ ಎರಡು ಹೆಜ್ಜೆ ಮುಂದೆ ಬಂದು, ತಲೆ ತಗ್ಗಿಸಿ, ಎರಡು ಸಲ ಕೆಮ್ಮಿದ.

"ಖೆ, ಖೆ. ಪ್ರೂಟ್! ಮುಂದೆ ಬಾ! ಅವನನ್ನ ಹಿಡಿ!"

ದನಿ ಮೆಕ್‌ನಲ್ಟಿಯದ್ದೇ. ಮೆಕ್‌ನಲ್ಟಿಯೇ ಒಂದು ಕ್ಷಣ ತನ್ನ ಬಾಯಿ ಮುಟ್ಟಿ ನೋಡಿಕೊಂಡ. ಪ್ರೂಟ್ ಹೇಳಿದ ಮಾತು ಕೇಳುವವನು. ದಡದಡನೆ ಮುಂದೆ ಬಂದ. ಅವನ ಬೆನ್ನ ಹಿಂದೆ ಕೊವಾಲಿಕ್ ನುಗ್ಗಿದ, ಪ್ರೂಟ್‌ನ ಕಂಕುಳಡಿಯಿಂದ ಚೆಂಡು ಪುಟಿದು ಹೋಯಿತು, ಖಾಲಿ ಬುಟ್ಟಿಗೆ ಕೊವಾಲಿಕ್ ಅದನ್ನು ತೊಟ್ಟಿಲಿಗೆ ಮಗು ಹಾಕಿದಂತೆ ಹಾಕಿದ. ಹದಿನೆಂಟು-ಹದಿನಾರು. ಆಟ ಮುಗಿದ ಗಂಟೆ ಹೊಡೆಯಿತು.

ಗೆದ್ದದ್ದು ತಮ್ಮೂರೇ ಎಂಬುದನ್ನು ಮರೆತು ಜನ ಬೈದರು. ಮೆಕ್‌ನಲ್ಟಿ ರೆಫರಿಯ ಹತ್ತಿರ ಓಡಿ, "ಖೆ, ಖೆ, ಇದು ಮೋಸ!" ಎಂದ. "ನೀನು ಹೇಳಿದ್ದು ಯಾವುದು, ಅವನು ಹೇಳಿದ್ದು ಯಾವುದು ಅಂತ ನನಗೆ ಗೊತ್ತಾಗಿಲ್ಲ ಕಣಪ್ಪ. ಈಗ ಮಾತಾಡ್ತಿರೋದು ನೀನೇ ತಾನೆ?" ಎಂದ ರೆಫರಿ.

ಬಟ್ಟೆ ಬದಲಿಸುವ ಕೋಣೆಗೆ ಕ್ಲೂಗೆ ಬಂದಾಗ ಅವನ ಕೆನ್ನೆ ಬೀಟ್‌ರೂಟ್ ಆಗಿತ್ತು. ಗಸ್ ಟೋಪಿ ತೆಗೆದು ಬಾಯಿ ಬಿಟ್ಟ. "ಯಜಮಾನ್ರೆ, ಗೆದ್ವಲ್ಲ..."

"ಎರಡು ಸಾವಿರ ಜನಾನ ಮಲಗಿಸಿ ಗೆದ್ರಿ! ನನ್ನ ತಂಗೀನೇ ಸ್ವೆಟರ್ ತೋಳು ಮುಗಿಸಿದ್ಲು! ಇನ್ನೊಂದು ಆಟ ಹೀಗಾದ್ರೆ ಯಾವನು ಬರ್ತಾನೆ?" ಹಾಲ್ವರ್ ಕಡೆ ತಿರುಗಿ ದನಿ ತಗ್ಗಿಸಿದ. "ನೀನು ಒಳ್ಳೆಯವನು ಟ್ವೇಟ್. ಸೋಮವಾರ ತೊಟ್ಟಿ ಹತ್ರ ಬಾ."

ಸೋಮವಾರ ಹಾಲ್ವರ್ ರಬ್ಬರಿನ ಅಂಗಿ ತೊಟ್ಟು ಉಪ್ಪುನೀರಿನ ತೊಟ್ಟಿಯಿಂದ ಬೇಸಗೆಯ ಸೌತೆಕಾಯಿಗಳನ್ನು ಸಲಿಕೆಯಲ್ಲಿ ಎತ್ತಿ ಹಾಕಿದ. ಜೊತೆಯವರು ನಗಿಸು ಎಂದರು. ಗಂಟಲು ನೋವು ಎಂದ. ಅಂದು ಸಂಜೆ ಹೊಸ ಕಾಲೇಜು ಆಟಗಾರ ಅಭ್ಯಾಸಕ್ಕೆ ಬಂದನೆಂದೂ, ನಿಜಕ್ಕೂ ಕುದುರೆಯಂತೆ ಓಡಿ ಕುದುರೆಯಂತೆಯೇ ಚೆಂಡು ಹಿಡಿದನೆಂದೂ ಕೊವಾಲಿಕ್ ಬಂದು ಹೇಳಿದ. ಹಾಲ್ವರ್‌ಗೆ ಸಮಾಧಾನವಾಗಲಿಲ್ಲ. ಮನೆಯಲ್ಲಿ ಗುಡ್ರುನ್ ಹೊಸ ಕಾಲುಚೀಲವನ್ನು ಅವನ ಮುಂದಿಟ್ಟು, "ನೀವು ಗೆದ್ದಿದ್ದಕ್ಕೆ ಇದಾದ್ರೂ ಸಾಕ್ಷಿ. ಹಾಕ್ಕೊಳ್ಳಿ" ಎಂದಳು. ಅವನು ಹಾಕಿಕೊಂಡು ಮಲಗಲು ಮೆಟ್ಟಿಲು ಹತ್ತಿದ. ಮೊಣಕಾಲು ಮಾತ್ರ ಸದ್ದು ಮಾಡಿತು.

ಮಂಗಳವಾರ ಹತ್ತು ಗಂಟೆಗೆ ಕ್ಲೂಗೆ ಸ್ವತಃ ತೊಟ್ಟಿಗಳ ನಡುವೆ ಪ್ಯಾಂಟು ಎತ್ತಿಕೊಂಡು ಬಂದ. ಕೈಯಲ್ಲಿ ಲೇಕ್‌ಪೋರ್ಟಿನ ಪತ್ರಿಕೆ. ಮೊದಲ ಪುಟದಲ್ಲಿ ಹಾಲ್ವರ್‌ನ ಚಿತ್ರ, ಮೇಲೆ ದಪ್ಪಕ್ಷರದಲ್ಲಿ 'ದನಿಗಳ್ಳ'.

"ಲೇಕ್‌ಪೋರ್ಟಿಂದ ಫೋನ್ ಬಂದಿತ್ತು," ಎಂದ ಕ್ಲೂಗೆ. "ನಾಡಿದ್ದಿನ ಆಟಕ್ಕೆ ಒಂದು ಟಿಕೆಟ್ಟೂ ಉಳಿದಿಲ್ಲ. ಎಂಟು ಸಾವಿರ ಜನ!"

"ಪ್ರೂಟ್‌ನ ನೋಡೋಕಾ?"

"ಪ್ರೂಟ್‌ನ ದಿನಾ ನೋಡ್ತಾರೆ. ಅವರು ಬರ್ತಿರೋದು ನಿನ್ನನ್ನ ಬಯ್ಯೋಕೆ. ಟ್ವೇಟ್ ಬರ್ತಾನೆ ತಾನೆ, ಬರ್ದಿದ್ರೆ ಜನ ಕುರ್ಚಿ ಮುರೀತಾರೆ ಅಂತ ಮೂರು ಸಲ ಕೇಳಿದ್ರು."

ಹಾಲ್ವರ್ ಸಲಿಕೆ ಒರಗಿಸಿದ. "ಅಂದ್ರೆ ನಾನು ತಂಡದಲ್ಲಿ ಇದೀನಾ?"

"ಅವರಿಗೆ ಬೈದು ಬೈದು ಸಾಕಾಗೋ ತನಕ ಇದೀಯ."

"ಆ ಕುದುರೆ?"

"ಕುದುರೆ ಸ್ವಲ್ಪ ದಿನ ಸೌತೆಕಾಯಿ ತಿನ್ನಲಿ." ಕ್ಲೂಗೆ ಹೊರಟವನು ತಿರುಗಿದ. "ಇನ್ನೊಂದು. ನನ್ನ ಮೂಗು ಅಷ್ಟೊಂದು ಮಾತಾಡಲ್ಲ."

ಗುರುವಾರ ಸಂಜೆ ಲೇಕ್‌ಪೋರ್ಟಿನ ಹಾಲ್‌ನಲ್ಲಿ ಹಾಲ್ವರ್ ಹೆಸರು ಕೂಗಿದ ಕೂಡಲೇ ಎಂಟು ಸಾವಿರ ಬಾಯಿ ಒಟ್ಟಿಗೆ ತೆರೆದವು. ದನಿಗಳ್ಳ, ಉಪ್ಪಿನಕಾಯಿ ಜಾಡಿ, ಮರದ ಕೊರಡು. ಮೊದಲು ಅವನ ಕಿವಿ ಬಿಸಿಯಾಯಿತು. ಆಮೇಲೆ, ಇಷ್ಟು ಜನ ಒಟ್ಟಿಗೆ ತನ್ನನ್ನೇ ಕೂಗಿದ್ದು ಇದೇ ಮೊದಲು ಎಂದು ಹೊಳೆದು, ಸೊಂಟ ಬಗ್ಗಿಸಿ ನಾಲ್ಕು ದಿಕ್ಕಿಗೂ ನಮಸ್ಕಾರ ಹಾಕಿದ. ಬೈಗುಳ ಇನ್ನೂ ಜೋರಾಯಿತು. ಗಸ್ ಅವನನ್ನು ಈ ಸಲ ಮೊದಲಿಂದಲೇ ಇಳಿಸಿದ್ದ.

ಹಾಲ್ವರ್ ನಡುಗೆರೆ ದಾಟಿ, ಚೆಂಡು ಪಡೆದು, ಸೊಂಟಕ್ಕೊತ್ತಿ ನಿಂತ. ಪ್ರೂಟ್ ಬುಟ್ಟಿ ಬಿಟ್ಟು ನಿಧಾನಕ್ಕೆ ಅವನತ್ತ ಬರತೊಡಗಿದ.

"ಪ್ರೂಟ್, ಬೂಟು ಹೇಗಿದೆಯೋ?"

ಪ್ರೂಟ್ ಮುಗುಳ್ನಕ್ಕು ತನ್ನ ಕಿವಿ ತೋರಿಸಿದ. ಎರಡರಲ್ಲೂ ಹಿಡಿ ಹಿಡಿ ಹತ್ತಿ ತುರುಕಿದ್ದ. ಮೆಕ್‌ನಲ್ಟಿ ಬೆಂಚಿನ ಮುಂದೆ ಮಾತಿಲ್ಲದೆ, ಗಾಳಿಪಟ ಹಾರಿಸುವವನಂತೆ ಎರಡೂ ಕೈ ಬೀಸಿ ಅಪ್ಪಣೆ ಕೊಡುತ್ತಿದ್ದ.

ಗಂಟಲಲ್ಲಿದ್ದ ದಾಸ್ತಾನು ಇನ್ನು ನಡೆಯುವುದಿಲ್ಲ. ಆದರೆ ಆರಡಿ ಹತ್ತಂಗುಲದ ಮನುಷ್ಯ ಒಂದೊಂದು ಹೆಜ್ಜೆ ಮುಂದಿಟ್ಟಂತೆ ಅವನ ಹಿಂದೆ ಒಂದೊಂದು ಹೆಜ್ಜೆ ನೆಲ ಖಾಲಿಯಾಗುತ್ತಿತ್ತು. ಹಾಲ್ವರ್ ಅದನ್ನೇ ನೋಡುತ್ತಿದ್ದ. ಪ್ರೂಟ್‌ನ ಉದ್ದ ಕೈ ಚೆಂಡಿನ ಬಳಿ ಬರುವ ತನಕ ಕಾದ. ಆಮೇಲೆ ಎಡಭುಜ ಆಡಿಸಿ, ಬಲಕ್ಕೆ ತಿರುಗಿ, ಚೆಂಡು ಕುಟ್ಟುತ್ತ ಬುಟ್ಟಿಯತ್ತ ಹೊರಟೇಬಿಟ್ಟ.

ಬೆಂಚಿನಿಂದ ಗಸ್ ಟೋಪಿ ಎಸೆದು ಎದ್ದು ನಿಂತ.

"ಓಡ್ತಿದಾನೆ ಕಣ್ರೋ! ಅಯ್ಯಯ್ಯೋ, ತಾತ ಓಡ್ತಿದಾನೆ!"