ನೆಲಮಾಳಿಗೆಯ ಒಂದು ಅಂಗುಲ

ಓರಿನ್ ಬ್ಯಾಕೆನ್ ತೀರಿಕೊಂಡ ಸುದ್ದಿ ನಮಗೆ ತಿಳಿದದ್ದು ಅಕ್ಟೋಬರ್ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಏಳು ಗಂಟೆಗೆ, ಕಾಫಿ ಅಂಗಡಿಯಲ್ಲಿ. ಆರೂವರೆಗೆ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುವುದು ಅವನ ನಲವತ್ತು ವರ್ಷದ ಪದ್ಧತಿ. ಅಂದು ಕುರ್ಚಿ ಖಾಲಿ ಇತ್ತು. ಮೊದಲು ನಾವು ತಮಾಷೆಯನ್ನೇ ಮಾಡಿದೆವು. ಹಾಲ್ವರ್ ಕಾಲೇಜಿನ ತಂಡ ಈ ವರ್ಷ ಗೆಲ್ಲುತ್ತದೆ ಎಂದು ಬರೆಯಲು ಇನ್ನೂ ಕಾರಣ ಸಿಕ್ಕಿರಲಿಕ್ಕಿಲ್ಲ, ಮನೆಯಲ್ಲಿ ಹುಡುಕುತ್ತ ಕೂತಿರಬೇಕು ಎಂದೆ ನಾನು. ಎಲ್ಲರೂ ನಕ್ಕರು. ಆ ನಗು ಮುಗಿಯುವ ಮೊದಲೇ ಅಂಗಡಿಯ ಫೋನು ಬಡಿದುಕೊಂಡಿತು. ಅವನ ಹೆಂಡತಿ ಆರ್ಡಿಸ್ ಮಾತಾಡಿದಳು.

ನಕ್ಕದ್ದಕ್ಕಾಗಿ ದೇವರಲ್ಲಿ ಕ್ಷಮೆ ಕೇಳಿದ್ದೇನೆ. ಓರಿನ್‌ನಲ್ಲಿ ಕೇಳುವ ಅಗತ್ಯ ಬೀಳಲಿಲ್ಲ. ಆ ಮಾತು ಕೇಳಿದ್ದರೆ ಅವನೂ ನಗುತ್ತಿದ್ದ.

ನಾನು ಮನೆಗೆ ಹೋದಾಗ ಅವನು ಅಲ್ಲಿ ತನ್ನ ಕುರ್ಚಿಯಲ್ಲೇ ಇದ್ದ. ಕನ್ನಡಕ ಮೂಗಿನ ಮೇಲಿತ್ತು, ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದ್ದ. ಪಕ್ಕದ ಮೇಜಿನ ಮೇಲೆ ಟೈಪ್ ಮಾಡಿದ ಎರಡು ಹಾಳೆಗಳು. ಪಾದ್ರಿಯವರು ಬಂದು ಪ್ರಾರ್ಥನೆ ಮಾಡಿ ಹೋದ ಮೇಲೆ ಆರ್ಡಿಸ್ ಆ ಹಾಳೆಗಳನ್ನು ನನ್ನ ಕೈಗೆ ಕೊಟ್ಟಳು. ನಾಳೆ ಸಂಜೆಯೊಳಗೆ ಪತ್ರಿಕೆಗೆ ತಲುಪಬೇಕು, ಒಬ್ಬ ಹುಡುಗ ಮಾತ್ರ ಬಾಕಿ ಇದ್ದಾನೆ, ನೀನೇ ಮುಗಿಸಿಕೊಡು ಎಂದಳು.

ಆ ಹಾಳೆಗಳ ವಿಷಯ ಹೇಳಬೇಕು. ನಮ್ಮೂರಿನ ವಾರಪತ್ರಿಕೆಯಲ್ಲಿ ನಲವತ್ತೊಂದು ವರ್ಷ, ಪ್ರತಿ ಅಕ್ಟೋಬರಿನಲ್ಲೂ, ಹಾಲ್ವರ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಈ ಸಲ ಯಾರು ಯಾರಿದ್ದಾರೆ ಎಂದು ಓರಿನ್ ಬರೆಯುತ್ತಿದ್ದ. ಒಬ್ಬೊಬ್ಬ ಹುಡುಗನಿಗೆ ನಾಲ್ಕು ಸಾಲು. ಕೊನೆಗೆ, ಈ ವರ್ಷ ನಾವು ಗೆಲ್ಲುತ್ತೇವೆ ಎಂಬ ಒಂದು ಸಾಲು. ಈ ನಲವತ್ತೊಂದು ವರ್ಷದಲ್ಲಿ ನಾವು ಗೆದ್ದದ್ದು ಒಂದು ಸಲ. ಆ ವರ್ಷ ಅವನಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿ, ಕೊನೆಯ ಸಾಲು ಬರೆಯಲು ಆಗಿರಲಿಲ್ಲ.

ಯಾವ ಹುಡುಗನ ಬಗ್ಗೆಯೂ ಅವನು ಕೆಟ್ಟ ಮಾತು ಬರೆದವನಲ್ಲ. ಆದರೆ ಸುಳ್ಳನ್ನೂ ಬರೆಯುತ್ತಿರಲಿಲ್ಲ. ‘ಒಳ್ಳೆಯ ಮನೆತನದವನು’ ಎಂದು ಬರೆದಿದ್ದರೆ ಆ ಹುಡುಗನ ಚೆಂಡು ಬುಟ್ಟಿಗೆ ಬೀಳುವುದಿಲ್ಲ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ‘ಓದಿನಲ್ಲಿ ಮುಂದೆ’ ಎಂದರೆ ಓಟದಲ್ಲಿ ಹಿಂದೆ. ಒಬ್ಬನಿಗೆ ಮಾತ್ರ ‘ತಾಯಿ ಬಹಳ ರುಚಿಯಾಗಿ ಅಡುಗೆ ಮಾಡುತ್ತಾರೆ’ ಎಂದು ಬರೆದಿದ್ದ. ಆ ಹುಡುಗ ಕ್ರಿಸ್ಮಸ್ಸಿಗೆ ಮೊದಲೇ ತಂಡ ಬಿಟ್ಟ.

ಎಲ್ಲಕ್ಕಿಂತ ಮುಖ್ಯವಾದದ್ದು ಎತ್ತರ. ಕಾಲೇಜುಗಳು ಅಚ್ಚು ಹಾಕಿಸುವ ಪುಸ್ತಕದಲ್ಲಿ ಪ್ರತಿ ಹುಡುಗನಿಗೂ ಎರಡು ಅಂಗುಲ ಸೇರಿಸುತ್ತಾರೆ. ಎಲ್ಲ ಕಡೆಯೂ ಇದೇ ರೂಢಿ, ಯಾರೂ ಅದನ್ನು ಪಾಪವೆಂದು ತಿಳಿಯುವುದಿಲ್ಲ. ಓರಿನ್ ತಿಳಿಯುತ್ತಿದ್ದ. ಅಕ್ಟೋಬರಿನ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ತಂಡಕ್ಕೆಲ್ಲ ಊಟ ಹಾಕುತ್ತೇವೆ. ಊಟಕ್ಕೆ ಮೊದಲು ಹುಡುಗರು ಬೂಟು ಬಿಚ್ಚಿ, ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಒಬ್ಬೊಬ್ಬರಾಗಿ ನಿಲ್ಲಬೇಕು. ಆ ಚೌಕಟ್ಟಿನ ಮೇಲೆ ಓರಿನ್‌ನ ತಂದೆ ಎಂದೋ ಗೀರಿದ ಅಡಿ ಅಂಗುಲಗಳ ಗುರುತುಗಳಿವೆ. ಏಣಿ ಹತ್ತಿ ಹುಡುಗನ ತಲೆಯ ಮೇಲೆ ಕೀರ್ತನೆ ಪುಸ್ತಕವನ್ನು ಮಟ್ಟಸವಾಗಿ ಇಡುವುದು ನನ್ನ ಕೆಲಸ. ಓದಿ ಬರೆದುಕೊಳ್ಳುವುದು ಓರಿನ್‌ನ ಕೆಲಸ. ಅವನು ಏನು ಬರೆದುಕೊಂಡ ಎಂದು ನಾನು ಒಮ್ಮೆಯೂ ಇಣುಕಿ ನೋಡಲಿಲ್ಲ. ಏಣಿಯ ಮೇಲೆ ನಿಂತವನ ಗಮನ ಕಾಲಿನ ಮೇಲಿರಬೇಕು.

ಆಮೇಲೆ ಅವನು ಪತ್ರಿಕೆಯಲ್ಲಿ ಬರೆಯುತ್ತಿದ್ದ: ‘ಕಾಲೇಜಿನ ಪ್ರಕಾರ ಆರು ಅಡಿ ಒಂಬತ್ತು, ಬಾಗಿಲ ಪ್ರಕಾರ ಆರು ಅಡಿ ಏಳು.’ ಇದರಿಂದ ತಂಡದ ತರಬೇತುದಾರ ರಿಕ್ ವಾವ್ರಾನಿಗೆ ಹತ್ತೊಂಬತ್ತು ವರ್ಷ ಹೊಟ್ಟೆ ಉರಿದಿದೆ. ಎದುರಾಳಿಗಳು ನಮ್ಮ ಪತ್ರಿಕೆ ತರಿಸಿಕೊಳ್ಳುತ್ತಾರೆ ಎಂದು ಅವನ ದೂರು. ನಮ್ಮ ಹುಡುಗರು ಆಡುವುದನ್ನು ನೋಡಿದ ಮೇಲೂ ಅವರಿಗೆ ಪತ್ರಿಕೆ ಬೇಕಾಗುತ್ತದೆಯೇ ಎಂದು ಓರಿನ್‌ನ ಪ್ರಶ್ನೆ. ಇಬ್ಬರೂ ಕಾಫಿ ಅಂಗಡಿಯಲ್ಲಿ ಬೇರೆ ಬೇರೆ ಮೇಜಿಗೆ ಕೂರುತ್ತಿದ್ದರು.

ಬಾಕಿ ಇದ್ದ ಹುಡುಗನ ಹೆಸರು ಟೇವಿಯನ್. ವಾಟರ್ಲೂ ಊರಿನಿಂದ ಹೊಸದಾಗಿ ಬಂದವನು. ದವಡೆ ಹಲ್ಲು ಕೀಳಿಸಿಕೊಂಡಿದ್ದರಿಂದ ಅಳತೆಯ ಭಾನುವಾರ ಬಂದಿರಲಿಲ್ಲ. ಬುಧವಾರ ಬೆಳಿಗ್ಗೆ ಅವನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದೆ. ಏಣಿ ಬೇಕಾಗಲಿಲ್ಲ. ಪುಸ್ತಕವಿಟ್ಟು ನೋಡಿದೆ, ಐದು ಅಡಿ ಒಂಬತ್ತು.

ಹುಡುಗ ತಿರುಗಿ ಗುರುತು ನೋಡಿದ. ಅವನ ಮುಖ ಅರಳಲಿಲ್ಲ.

“ಸರ್, ನಾನು ಐದು ಎಂಟು,” ಎಂದ. “ನಂಗೊತ್ತು. ಒಂಬತ್ತು ಬರಲಿ ಅಂತ ಎಷ್ಟೋ ಕಡೆ ಅಳೆಸಿ ನೋಡಿದೀನಿ, ಎಲ್ಲೂ ಬಂದಿಲ್ಲ.”

ನಾನು ಐವತ್ತು ವರ್ಷ ಬಡಗಿಯಾಗಿದ್ದವನು. ಅಳತೆಯ ಟೇಪು ಈಗಲೂ ನನ್ನ ಸೊಂಟದಲ್ಲಿರುತ್ತದೆ. ಆರಾಧನೆಗೆ ಬರುವಾಗಲಾದರೂ ಬಿಚ್ಚಿಡು ಎಂದು ಆರ್ಡಿಸ್ ಎಷ್ಟೋ ಸಲ ಬೈದಿದ್ದಾಳೆ. ಟೇಪು ಎಳೆದು ಅಳೆದೆ. ಐದು ಅಡಿ ಎಂಟು. ಮತ್ತೆ ಅಳೆದೆ. ಮೂರನೆಯ ಸಲ ಅಳೆಯುವಾಗ ನನ್ನ ಕಣ್ಣು ಟೇಪಿನ ಜೊತೆಯಲ್ಲೇ ಕೆಳಗಿಳಿದು ನೆಲ ಮುಟ್ಟಿತು.

ಆ ನೆಲ ಹಾಸಿದವನು ನಾನು. ಸಾವಿರದ ಒಂಬೈನೂರ ತೊಂಬತ್ತಾರರ ಬೇಸಿಗೆಯಲ್ಲಿ, ಹಳೆಯ ಕಾಂಕ್ರೀಟಿನ ಮೇಲೆ ಪ್ಲೈವುಡ್, ಅದರ ಮೇಲೆ ಹಸಿರು ಹಾಸು. ಎರಡೂ ಸೇರಿ ಸರಿಯಾಗಿ ಒಂದು ಅಂಗುಲ ದಪ್ಪ. ಬಾಗಿಲ ಚೌಕಟ್ಟು, ಅದರ ಮೇಲಿನ ಗುರುತು ಎಲ್ಲ ಇದ್ದಲ್ಲೇ ಇದ್ದವು. ನೆಲ ಮಾತ್ರ ಮೇಲೆ ಬಂದಿತ್ತು. ಹಾಗಾದರೆ ಇಪ್ಪತ್ತೇಳು ವರ್ಷದಿಂದ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತವರೆಲ್ಲ ಇರುವುದಕ್ಕಿಂತ ಒಂದು ಅಂಗುಲ ಹೆಚ್ಚು ಎತ್ತರ ಕಂಡಿದ್ದಾರೆ. ಜೀವನದಲ್ಲಿ ಒಂದು ಸುಳ್ಳನ್ನೂ ಬರೆಯದ ಮನುಷ್ಯನ ಕೈಯಲ್ಲಿ ನಾನು ಇಪ್ಪತ್ತೇಳು ವರ್ಷ ಸುಳ್ಳು ಬರೆಸಿದ್ದೇನೆ.

ಅಲ್ಲೇ ಮೊಣಕಾಲೂರಿ ಕೂತುಬಿಟ್ಟೆ. ನನಗೆ ಮೈ ಸರಿಯಿಲ್ಲವೆಂದು ತಿಳಿದು ಟೇವಿಯನ್ ನೀರು ತಂದ. ಏನಿಲ್ಲಪ್ಪ, ನೆಲ ನೋಡುತ್ತಿದ್ದೇನೆ ಎಂದೆ. ಒಳ್ಳೆ ನೆಲ ಸರ್ ಎಂದ. ಒಳ್ಳೆಯದೇ, ಅದೇ ತೊಂದರೆ.

ಮನೆಗೆ ಹೋಗಿ ಬಹಳ ಹೊತ್ತು ಬೈಬಲ್ ಮುಂದಿಟ್ಟುಕೊಂಡು ಕೂತೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಶನಿವಾರ ಅವನನ್ನು ಮಣ್ಣಿಗೆ ಕೊಡುವಾಗ ಅವನ ಹೆಸರಿನಲ್ಲಿ ಒಂದು ಸುಳ್ಳು ಅಚ್ಚಾಗಿ ಊರೆಲ್ಲ ಓಡಾಡುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಓರಿನ್ ಟೈಪ್ ಮಾಡಿದ್ದ ಹದಿಮೂರು ಎತ್ತರಗಳಲ್ಲೂ ಪೆನ್ಸಿಲಿನಿಂದ ಒಂದೊಂದು ಅಂಗುಲ ಕಡಿಮೆ ಮಾಡಿದೆ. ಟೇವಿಯನ್‌ನ ಮುಂದೆ ಟೇಪು ಹೇಳಿದ್ದನ್ನೇ ಬರೆದೆ. ಕೆಳಗೆ, ‘ತೊಂಬತ್ತಾರರಿಂದ ಈವರೆಗೆ ಈ ಪತ್ರಿಕೆಯಲ್ಲಿ ಬಂದ ಎಲ್ಲ ಎತ್ತರಗಳೂ ಒಂದು ಅಂಗುಲ ಹೆಚ್ಚು. ತಪ್ಪು ನೆಲದ್ದು. ನೆಲ ನನ್ನದು. ಓರಿನ್ ನಿರಪರಾಧಿ. ಶ್ರೀ ವಾವ್ರಾ ಅವರ ಕ್ಷಮೆ ಬೇಡುತ್ತೇನೆ – ಲೈಲ್ ಸ್ಕಾರ್, ಬಡಗಿ’ ಎಂದು ಸೇರಿಸಿದೆ. ಪತ್ರಿಕೆಯ ಜೋನೆಲ್ ಅದನ್ನು ಎರಡು ಸಲ ಓದಿ, ಇದು ನಿಜವಾಗಿ ಬೇಕೇ ಎಂದು ಕೇಳಿದಳು. ಬೇಕು ಎಂದೆ. ಮನಸ್ಸು ಹಗುರವಾಯಿತು.

ಒಂದು ದಿನ ಹಗುರವಾಗಿತ್ತು ಎನ್ನಬೇಕು. ಪತ್ರಿಕೆ ಬಂದ ಗುರುವಾರ ಮಧ್ಯಾಹ್ನದಿಂದ ನನ್ನ ಮನೆಯ ಫೋನು ಸುಮ್ಮನಿರಲಿಲ್ಲ. ಇಪ್ಪತ್ತೇಳು ವರ್ಷದ ಹುಡುಗರೆಂದರೆ ಸಣ್ಣ ಸಂಖ್ಯೆಯಲ್ಲ. ಅವರಲ್ಲಿ ಹಲ್ಲಿನ ವೈದ್ಯರಿದ್ದಾರೆ, ಹಂದಿ ಸಾಕುವವರಿದ್ದಾರೆ, ಒಬ್ಬ ನ್ಯಾಯಾಧೀಶನಿದ್ದಾನೆ. ಎಲ್ಲರೂ ಒಂದೇ ದಿನ ಒಂದು ಅಂಗುಲ ಕುಗ್ಗಿದ್ದರು. ನ್ಯಾಯಾಧೀಶನಂತೂ ತಾನು ಆರು ಅಡಿಯೆಂದು ಮದುವೆಗೆ ಮೊದಲು ಹೆಂಡತಿಗೆ ಮಾತು ಕೊಟ್ಟಿದ್ದನಂತೆ, ಈಗ ಅವಳು ಪತ್ರಿಕೆಯನ್ನು ಅಡುಗೆಮನೆಯಲ್ಲಿ ಅಂಟಿಸಿದ್ದಾಳಂತೆ.

ಶುಕ್ರವಾರ ಬೆಳಿಗ್ಗೆ ವಾವ್ರಾ ಬಂದ. ಕ್ಷಮೆ ಸ್ವೀಕರಿಸಲು ಬಂದಿದ್ದಾನೆಂದು ತಿಳಿದು ಕಾಫಿಗೆ ಇಟ್ಟೆ. ಅವನು ಕೂರಲಿಲ್ಲ. ಕೈಯಲ್ಲಿ ಒಂದು ದಪ್ಪ ಕಡತವಿತ್ತು.

“ಯಜಮಾನ್ರೇ, ನಿಮಗೆ ತಲೆ ನೆಟ್ಟಗಿದೆಯಾ?” ಎಂದ. “ನನ್ನ ಸೆಂಟರ್ ಆಟಗಾರನ್ನ ಆರೂವರೆ ಅಡಿಗೆ ಇಳಿಸಿದೀರಲ್ಲ. ಅವನಿರೋದು ಆರು ಏಳು.”

ಆರು ಅಡಿ ಒಂಬತ್ತು ಎಂದು ಪುಸ್ತಕದಲ್ಲಿ ಹಾಕಿದವನ ಬಾಯಿಂದ ಈ ಮಾತು ಕೇಳಿ ನಾನು ಅವನ ಮುಖವನ್ನೇ ನೋಡಿದೆ. ವಾವ್ರಾ ಸ್ವಲ್ಪ ಕೆಂಪಾದ. ಆಮೇಲೆ ಕಡತ ಬಿಚ್ಚಿ ಮೇಜಿನ ಮೇಲಿಟ್ಟ. ಪ್ರತಿ ವರ್ಷ ತಂಡದ ವೈದ್ಯರು ಬರಿಗಾಲಿನಲ್ಲಿ ಅಳೆದು ಬರೆದ ಚೀಟಿಗಳು. ಓರಿನ್ ಒಂದಲ್ಲ ಒಂದು ದಿನ ತಪ್ಪು ಮಾಡುತ್ತಾನೆ, ಅಂದು ಪತ್ರಿಕೆಗೆ ಕಾಗದ ಬರೆದು ಅವನ ಮಾನ ಕಳೆಯಬೇಕು ಎಂದು ಹತ್ತೊಂಬತ್ತು ವರ್ಷದಿಂದ ಗುಟ್ಟಾಗಿ ಹೋಲಿಸಿ ನೋಡುತ್ತಿದ್ದನಂತೆ.

“ಒಂದು ಸಲ, ಒಂದೇ ಒಂದು ಸಲ ತಪ್ಪಬಾರದಾ ಆ ಮುದುಕ?” ಎಂದ. “ಕಾಲು ಇಂಚೂ ತಪ್ಪಲಿಲ್ಲ. ಈಗ ನೀವು ಹದಿಮೂರು ಜನರದ್ದು ತಪ್ಪು ಹಾಕಿಸಿದೀರಿ. ಸರಿಯಾಗಿರೋನು ಟೇವಿಯನ್ ಒಬ್ಬನೇ.”

ಹಾಗಾದರೆ ಬಾಗಿಲು ಒಂದು ಅಂಗುಲ ಹೆಚ್ಚು ತೋರಿಸುತ್ತಿದ್ದರೂ ಓರಿನ್ ಸರಿಯಾದದ್ದನ್ನು ಬರೆದದ್ದು ಹೇಗೆ? ಇಬ್ಬರೂ ಆರ್ಡಿಸ್‌ಳ ಮನೆಗೆ ಹೋದೆವು. ಅವಳು ಮೂಲೆಯ ಪೆಟ್ಟಿಗೆ ತೋರಿಸಿದಳು. ನಲವತ್ತೊಂದು ಸಣ್ಣ ಪುಸ್ತಕಗಳು, ವರ್ಷಕ್ಕೊಂದು. ತೊಂಬತ್ತಾರರದ್ದನ್ನು ವಾವ್ರಾ ಹುಡುಕಿ ತೆಗೆದು ಮೊದಲು ತಾನೇ ಓದಿಕೊಂಡ. ಓದಿ ಟೋಪಿ ತೆಗೆದ. ಆಮೇಲೆ ನನ್ನ ಕೈಗೆ ಕೊಟ್ಟ. ಮೊದಲ ಪುಟದಲ್ಲಿ ಓರಿನ್‌ನ ಕೈಬರಹ:

‘ಲೈಲ್ ನೆಲ ಹಾಸಿದ್ದಾನೆ. ಬಹಳ ಚೆನ್ನಾಗಿದೆ. ಒಂದು ಅಂಗುಲ ಮೇಲೆ ಬಂದಿದೆ, ಅವನಿಗೆ ಹೊಳೆದಿಲ್ಲ. ಇನ್ನು ಮೇಲೆ ಒಂದು ಕಳೆದು ಬರೆಯುವುದು. ಅವನಿಗೆ ಹೇಳಕೂಡದು. ಹೇಳಿದರೆ ಎಲ್ಲ ಕಿತ್ತು ಮೊದಲಿನಿಂದ ಹಾಸುತ್ತಾನೆ. ಹೆಂಗಸರು ಈ ನೆಲಕ್ಕಾಗಿ ಆರು ವರ್ಷ ಕಾದಿದ್ದಾರೆ.’

ಮುಂದಿನ ಪುಟಗಳಲ್ಲಿ, ಪ್ರತಿ ಹುಡುಗನ ಹೆಸರಿನ ಮುಂದೆ ಬಾಗಿಲು ಹೇಳಿದ ಎತ್ತರ, ಪಕ್ಕದಲ್ಲಿ ಒಂದು ಕಳೆದ ಎತ್ತರ. ವರ್ಷ ವರ್ಷವೂ ಹಾಗೆಯೇ. ನನ್ನ ಪಕ್ಕದಲ್ಲೇ, ನನ್ನ ಏಣಿಯ ಕೆಳಗೇ ನಿಂತು ಕಳೆದಿದ್ದ.

“ಲೈಲ್‌ಗೆ ಹೇಳ್ಬಿಡಿ ಅಂತ ನಾನೇ ಎಷ್ಟೋ ಸಲ ಅಂದಿದ್ದೆ,” ಎಂದಳು ಆರ್ಡಿಸ್. “ಬೇಡ ಕಣೇ, ಅವನು ಆ ನೆಲ ನೋಡಿದಾಗೆಲ್ಲ ಅವನ ಮುಖ ನೋಡು ಅಂತಿದ್ರು.”

ಪತ್ರಿಕೆ ಮತ್ತೆ ಬರುವುದು ಮುಂದಿನ ಗುರುವಾರ. ಅಷ್ಟು ದಿನ ಓರಿನ್‌ನ ಮೇಲೆ ನನ್ನ ಸುಳ್ಳನ್ನು ಬಿಟ್ಟಿರಲು ಸಾಧ್ಯವಿರಲಿಲ್ಲ. ಶನಿವಾರ ಸಂಸ್ಕಾರಕ್ಕೆ ಊರೆಲ್ಲ ಬಂದಿತ್ತು. ಶವಪೆಟ್ಟಿಗೆ ಹೊತ್ತವರು ತಂಡದ ಆರು ಹುಡುಗರು. ಮುಂದೆ ಎಡಕ್ಕೆ ಆರು ಅಡಿ ಏಳು, ಬಲಕ್ಕೆ ಟೇವಿಯನ್. ಪೆಟ್ಟಿಗೆ ವಾಲತೊಡಗಿದಾಗ ವಾವ್ರಾ ಸಾಲಿನಿಂದ ಎದ್ದು ಬಂದು, ಎತ್ತರದವನಿಗೆ, “ಮಂಡಿ ಬಗ್ಗಿಸು, ಎರಡು ವರ್ಷದಿಂದ ಹೇಳ್ತಿದೀನಿ ಮಂಡಿ ಬಗ್ಗಿಸು ಅಂತ,” ಎಂದು ಪಿಸುಗುಟ್ಟಿದ್ದು ಹಿಂದಿನ ಸಾಲಿಗೂ ಕೇಳಿಸಿತು.

ಮಣ್ಣು ಮುಗಿಸಿ ಬಂದ ಮೇಲೆ ನೆಲಮಾಳಿಗೆಯಲ್ಲಿ ಊಟ. ಪಾದ್ರಿಯವರು ಪ್ರಾರ್ಥನೆಗೆ ನನ್ನನ್ನು ಕರೆದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಅದಕ್ಕೆ ಮೊದಲು ಒಂದು ತಿದ್ದುಪಡಿ ಇದೆ ಎಂದೆ. ತೊಂಬತ್ತಾರರ ಪುಸ್ತಕವನ್ನು ಗಟ್ಟಿಯಾಗಿ ಓದಿದೆ. ‘ಹೆಂಗಸರು ಆರು ವರ್ಷ ಕಾದಿದ್ದಾರೆ’ ಎಂಬಲ್ಲಿ ಅಡುಗೆಮನೆಯ ಕಡೆಯಿಂದ, ಏಳು ವರ್ಷ ಎಂದು ಯಾರೋ ತಿದ್ದಿದರು. ಹಳೆಯ ಆಟಗಾರರೆಲ್ಲ ತಮ್ಮ ಅಂಗುಲ ಮರಳಿ ಪಡೆದರು. ನ್ಯಾಯಾಧೀಶ ಎದ್ದು ನಿಂತು ಹೆಂಡತಿಯ ಕಡೆ ನೋಡಿ ಕೂತ.

ಪುಸ್ತಕ ಮುಚ್ಚಿ ಜೇಬಿಗೆ ಹಾಕಿದೆ. ವಾವ್ರಾ ಕೊನೆಯ ಮೇಜಿನಿಂದ, ಪತ್ರಿಕೆಯ ಪಟ್ಟಿಯಲ್ಲಿ ಹದಿನಾಲ್ಕು ಜನ ಇದ್ದಾರೆ, ಹದಿನೈದನೆಯವನದ್ದೂ ಹೇಳಿಬಿಡಿ ಎಂದ. ಅವನು ಯಾರನ್ನು ಹೇಳುತ್ತಿದ್ದಾನೆಂದು ನನಗೆ ತಿಳಿಯಿತು. ಓರಿನ್ ಕೂಡ ಅರವತ್ತು ವರ್ಷದ ಹಿಂದೆ ಹಾಲ್ವರ್ ಕಾಲೇಜಿಗೆ ಆಡಿದವನು. ನಾಲ್ಕು ವರ್ಷದಲ್ಲಿ ಒಟ್ಟು ಒಂಬತ್ತು ಅಂಕ ಗಳಿಸಿದ್ದ.

“ಓರಿನ್ ಬ್ಯಾಕೆನ್,” ಎಂದೆ. “ಕಾಲೇಜಿನ ಪ್ರಕಾರ ಆರು ಅಡಿ. ಬಾಗಿಲ ಪ್ರಕಾರ ಐದು ಅಡಿ ಹತ್ತು. ಒಳ್ಳೆಯ ಮನೆತನದವನು.”

ಎಲ್ಲರಿಗಿಂತ ಮೊದಲು ನಕ್ಕವಳು ಆರ್ಡಿಸ್. ನಗು ಇಳಿದ ಮೇಲೆ ಎಲ್ಲರೂ ತಲೆ ತಗ್ಗಿಸಿದರು. ನಾನು ಪ್ರಾರ್ಥಿಸಿದೆ.

ಕರ್ತನೇ, ನಿನ್ನ ದಾಸನಾದ ಓರಿನ್ ನಿನ್ನ ಬಾಗಿಲಿಗೆ ಬಂದಿದ್ದಾನೆ. ಅವನು ಬೂಟು ಬಿಚ್ಚಿಯೇ ಬಂದಿರುತ್ತಾನೆ. ಅವನು ನನ್ನ ತಪ್ಪನ್ನು ಯಾರಿಗೂ ಹೇಳದೆ ಕಳೆದ ಹಾಗೆ, ಅವನಲ್ಲಿ ತಪ್ಪೇನಾದರೂ ಇದ್ದರೆ ನೀನೂ ಕಳೆದುಬಿಡು. ಅವನು ಈ ಹುಡುಗರ ಮೇಲೆ ಇಟ್ಟಿದ್ದ ನಂಬಿಕೆಗೆ ಆಧಾರವಿರಲಿಲ್ಲ, ಅದನ್ನು ನೀನೂ ನೋಡಿದ್ದೀಯೆ. ಆದರೂ ಅದನ್ನು ಅವನ ಲೆಕ್ಕಕ್ಕೆ ಸೇರಿಸಿಕೋ. ಅವನಿಗೆ ನಿತ್ಯ ವಿಶ್ರಾಂತಿಯನ್ನು ಕೊಡು, ನಿನ್ನ ಬೆಳಕು ಅವನ ಮೇಲಿರಲಿ, ಅವನು ಶಾಂತಿಯಲ್ಲಿ ನೆಲಸಲಿ. ಆಮೆನ್.