ಹಮಾಲರ ಒಲೆ

ಹರಿಹರದ ಹೊಳೆದಂಡೆಯ ಛತ್ರಕ್ಕೆ ಉಚ್ಚೆಂಗಪ್ಪ ಬಂದಾಗ ಅವನ ಕೈಯಲ್ಲಿ ಮೈಲಪ್ಪನ ಬೂದಿಯ ಗಡಿಗೆ ಇತ್ತು. ದಾವಣಗೆರೆ ಮಾರ್ಕೆಟ್ಟಿನಲ್ಲಿ ಇಬ್ಬರೂ ಜೊತೆಗೆ ಹತ್ತಿ ಅಂಡಿಗೆ ಹೊತ್ತ ಹಮಾಲರು. ಉಚ್ಚೆಂಗಪ್ಪನ ಹಿಂದೆ ಬಂದ ಮೈಲಪ್ಪನ ಹೆಂಡತಿ ತಿಪ್ಪಮ್ಮ ಅಕ್ಕಿ, ಬೆಲ್ಲದ ಗಂಟು ಹಿಡಿದಿದ್ದಳು. ಮಗಳು ಶೋಭಾರಾಣಿ ಪಾತ್ರೆ ಹೊತ್ತಿದ್ದಳು. ಹಮಾಲರ ಮನೆಯಲ್ಲಿ ಯಾರು ಸತ್ತರೂ ಈ ಛತ್ರದ ಒಲೆಯ ಮೇಲೆ ಎಡೆ ಬೇಯಿಸಿ, ದಂಡೆಯ ಮೇಲಿಟ್ಟು, ಆಮೇಲೆ ಬೂದಿ ಬಿಡುವುದು.

ಕೌಂಟರಿನಲ್ಲಿ ಮ್ಯಾನೇಜರ್ ಕೊಟ್ಟೂರೇಶ್ ತಲೆ ಅಲ್ಲಾಡಿಸಿದ. "ಅಡುಗೆಮನೆ ಕೊಡಂಗಿಲ್ಲ ಅಜ್ಜಾರೆ. ಈಗ ಮದ್ವೆ ಪಾರ್ಟಿಗಳಿಗೆ ಮಾತ್ರ."

"ಆ ಒಲೆಗೆ ಕಲ್ಲು ಹೊತ್ತೋನು ಈ ಗಡಿಗ್ಯಾಗೆ ಅದಾನಪ್ಪ."

"ಹಂಗಂತ ಎಲ್ಲೈತೆ? ನಮ್ಮ ವೆಬ್‌ಸೈಟ್ ನೋಡ್ರಿ. ವಾಮದೇವಪ್ಪನೋರು ಕಟ್ಟಿಸಿದ್ದು ಅಂತೈತೆ. ಹಮಾಲರ ಸುದ್ದಿನೇ ಇಲ್ಲ."

ವೆಬ್‌ಸೈಟಿನ ಸುಳ್ಳು ಪೂರ್ತಿ ಸುಳ್ಳಲ್ಲ. ಜಾಗ ವಾಮದೇವಪ್ಪ ಸಾವ್ಕಾರರದೇ, ಮನಸಾರೆ ಕೊಟ್ಟಿದ್ದು. ಗೋಡೆ, ಒಲೆ, ಮೆಟ್ಟಿಲು ಮಾತ್ರ ಮಾರ್ಕೆಟ್ ರಜೆ ಇದ್ದ ದಿನಗಳಲ್ಲಿ ಹಮಾಲರು ಎಬ್ಬಿಸಿದ್ದು. ನಿಮ್ಮ ಹೆಸರು ಕೆತ್ತಿಸೋಣ ಅಂತ ಸಾವ್ಕಾರರು ಅಂದಾಗ ಮೈಲಪ್ಪನೇ ನಕ್ಕಿದ್ದ: "ಹೆಸರು ಕೆತ್ತಿದ ಕಲ್ಲನ್ನೂ ನಾವೇ ಹೊರಬೇಕಲ್ರಿ ಯಜಮಾನ್ರೆ, ಬ್ಯಾಡ ಬಿಡ್ರಿ." ಎಲ್ಲರೂ ನಕ್ಕು ಮನೆಗೆ ಹೋದರು. ಕಲ್ಲು ನಿಲ್ಲಲೇ ಇಲ್ಲ.

ಶೋಭಾರಾಣಿ ಆನೆಕೊಂಡದಲ್ಲಿ ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಫೋನ್ ತೆಗೆದಳು. "ದೊಡ್ಡಪ್ಪ, ತಡಿ. ಊರಿನ ವೆಬ್‌ಸೈಟನ್ನೆಲ್ಲ ಆಗಾಗ ಪಡಿಯಚ್ಚು ತೆಗೆದು, ತಾರೀಖು ಹಾಕಿ ಇಟ್ಟಿರೋ ಜಾಗ ಇಂಟರ್ನೆಟ್ಟಿನಾಗೆ ಒಂದೈತೆ. ಇವರು ಇಲ್ಲಿ ಅಳಿಸಿದ್ರೂ ಅಲ್ಲಿ ಉಳಿದಿರ್ತದೆ."

"ಸುಣ್ಣ ಕೆರೆದ್ರೆ ಕೆಳಗಿನ ಬಣ್ಣ ಸಿಗ್ತದಲ್ಲ, ಹಂಗಾ?"

"ಹಂಗೇ ಅನ್ನು."

ವಾಮದೇವಪ್ಪನವರು ಇದ್ದಾಗ ಬರೆಸಿದ್ದ ಹಳೇ ಪುಟ ನಿಧಾನವಾಗಿ ತೆರೆಯಿತು. ಫೋಟೋ ಇರಬೇಕಾದಲ್ಲಿ ಖಾಲಿ ಚೌಕ. ಕೆಳಗಿನ ಸಾಲನ್ನು ಶೋಭಾರಾಣಿ ಜೋರಾಗಿ ಓದಿದಳು: "ಛತ್ರ ಕಟ್ಟಿದ ದಾವಣಗೆರೆ ಹಮಾಲರು. ಹೊಳೆ ಕಾರ್ಯಕ್ಕೆ ಬಂದ ಅವರ ಮನೆಯವರಿಗೆ ಇಲ್ಲಿ ಒಲೆ ಸದಾ ಉಂಟು."

ಉಚ್ಚೆಂಗಪ್ಪ ಖಾಲಿ ಚೌಕದ ಮೇಲೆ ಬೆರಳಿಟ್ಟ. "ಈ ಕಡೆ ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕ್ಕೊಂಡಾನಲ್ಲ, ಅವನೇ ಮೈಲ. ಅವನ ಹಿಂದೆ ನಾನು."

ಕೊಟ್ಟೂರೇಶ್‌ಗೆ ನಗು ತಡೆಯಲಿಲ್ಲ. "ಅಲ್ಲೇನೂ ಕಾಣಲ್ಲಲ್ರೀ!"

"ನಿನಗೆ ಕಾಣಲ್ಲ."

ಕೊಟ್ಟೂರೇಶ್ ಟ್ರಸ್ಟಿನ ವೀರೇಶ್‌ಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ವೀರೇಶ್ ಅಂದರೆ ವಾಮದೇವಪ್ಪನವರ ಮೊಮ್ಮಗ. ಎಲ್ಲ ಕೇಳಿಸಿಕೊಂಡು, "ಹಳೇದು ಹೋತು ಅಜ್ಜ, ಈಗ ಇರೋದೇ ಲೆಕ್ಕ," ಅಂದ. "ಇರ್ಲಿ, ಸತ್ತೋರ ಕಾರ್ಯ, ಪಾಪ. ಇವತ್ತೊಂದಿನ ಕೊಡು ಕೊಟ್ಟೂರೇಶ್."

ತಿಪ್ಪಮ್ಮ ಗಂಟು ಎತ್ತಿಕೊಂಡಳು. ಉಚ್ಚೆಂಗಪ್ಪ ಗಡಿಗೆಯನ್ನು ಕೌಂಟರಿನ ಗಾಜಿನ ಮೇಲೆ ಇಟ್ಟ.

"ಪಾಪ ಅಂತ ಕೊಟ್ಟ ಒಲೆ ನಮಗೆ ಬ್ಯಾಡ. ಶೋಭಾ, ಈಗಿನ ಪುಟಾನೂ ಅಲ್ಲಿ ಇಡೋಕೆ ಬರ್ತದಾ?"

"ಯಾರು ಬೇಕಾದ್ರೂ ಇಡಬೌದು ದೊಡ್ಡಪ್ಪ."

"ಇಡು. ತಾತ ಬರೆಸಿದ್ದರ ಪಕ್ಕಕ್ಕೇ ಮೊಮ್ಮಗ ಅಳಿಸಿದ್ದೂ ಇರ್ಲಿ."

"ಏ, ಅದ್ಯಾಕ ಇಡ್ತೀರಿ?" ಫೋನಿನೊಳಗಿನ ದನಿ ಏರಿತು. "ನಾಳೆ ನಾನು ಬದಲಾಯಿಸ್ತೀನಿ, ಬಿಡ್ರಿ."

"ಬದಲಾಯಿಸಪ್ಪ. ಇವತ್ತು ಏನಿತ್ತು ಅಂತ ನಿನ್ನ ಮೊಮ್ಮಕ್ಕಳಿಗೆ ಗೊತ್ತಾಗ್ಲಿ."

ಶೋಭಾರಾಣಿ ಬಟನ್ ಒತ್ತಿದಳು. ಫೋನಿನ ಮೇಲೆ ಚಕ್ರ ತಿರುಗಿತು, ತಿರುಗಿತು, ನಿಂತಿತು. "ಕೂತ್ಕೊಂತು," ಅಂದಳು.

ಅಷ್ಟರಲ್ಲಿ ಗೇಟಿನೊಳಗೆ ಮದುವೆ ಅಡುಗೆಯವರ ಟೆಂಪೋ ಬಂತು. ಕೊಪ್ಪರಿಗೆ ಇಳಿಸುತ್ತಿದ್ದವರು ಕೌಂಟರಿನ ಗಡಿಗೆ ಕಂಡು ಅಲ್ಲೇ ನಿಂತರು. ಕೊಟ್ಟೂರೇಶನ ಮುಖ ಬಾಡಿತು.

"ಗಡಿಗೆ ತಗೀರಿ ಅಜ್ಜಾರೆ, ನಿಮ್ಮ ಕಾಲಿಗೆ ಬೀಳ್ತೀನಿ. ಶುಭಕಾರ್ಯದೋರು ಬಂದಾರೆ."

"ಊರಿನ ಭಾರ ಎಲ್ಲ ಮೈಲ ಹೊತ್ತಾನೆ. ಒಂಚೂರು ನೀವು ಹೊರ್ರಿ ಅವನನ್ನ. ಒಲೆ ಯಾರದು ಅಂತ ವೀರೇಶ ಹೇಳ್ಲಿ, ಎತ್ಕೊಂತೀನಿ."

ಫೋನಿನಲ್ಲಿ ವೀರೇಶ್ ಸಣ್ಣಗೆ ಅಂದ, "ಹಮಾಲರದು."

"ನನಗೆ ಕಿವಿ ಮಂದ."

"ಹಮಾಲರದು ರೀ, ಹಮಾಲರದು! ನಮ್ಮ ತಾತ ಬರೆಸಿದಂಗೇ ಬರೆಸ್ತೀನಿ! ಕೊಟ್ಟೂರೇಶ್, ಬಾಗಿಲು ತೆಗಿಯೋ!"

ಕೊಟ್ಟೂರೇಶ್ ಬೀಗದಕೈ ಚಾಚಿದ. ಉಚ್ಚೆಂಗಪ್ಪ ಮುಟ್ಟಲಿಲ್ಲ, ಗಡಿಗೆ ಎತ್ತಿಕೊಂಡು ಅಡುಗೆಮನೆ ಬಾಗಿಲ ಮುಂದೆ ನಿಂತ. ಕೊನೆಗೆ ಕೊಟ್ಟೂರೇಶನೇ ಹೋಗಿ ಬೀಗ ತೆಗೆದು, ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ತಿಪ್ಪಮ್ಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಳಗಿನ ಹಳೇ ಬೂದಿ ಗೋರಿ ತೆಗೆದಳು, ಸೌದೆ ಒಟ್ಟಿದಳು. ಬೆಂಕಿಪೊಟ್ಟಣ ಮರೆತು ಬಂದಿದ್ದಳು. ಬಾಗಿಲಲ್ಲಿ ಇಣುಕುತ್ತಿದ್ದ ಮದುವೆ ಅಡುಗೆಯವನ ಕಡೆ ಕೈ ನೀಡಿದಳು.

"ಕಡ್ಡಿ ಕೊಡಪ್ಪ," ಅಂದಳು. "ನಮ್ಮದಾದ ಮ್ಯಾಲೆ ನೀವು ಹಚ್ಚಿಕೊಳ್ರಿ."